ಅರ್ಧ ವಾಕ್ಯದ ಟೀಚರ್

“ಮದಲನೇ ಮಾತು, ಅವರಿಗೆ ಸರ್ ಅನಬ್ಯಾಡ. ಹೆಸರ ಹಿಡದ ಮಾತಾಡ್ಸಬೇಕು,” ಎಂದಳು ಗೆಳತಿ ಫೋನಿನಲ್ಲಿ.

ನಾನು ಇಂಡಿ ಊರಿನ ನಮ್ಮ ಮನೆಯಲ್ಲಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದೆ. ಫೋನು ಹಿಟ್ಟಿನ ಡಬ್ಬಿಗೆ ಒರಗಿಕೊಂಡು ಉಪದೇಶ ಮಾಡುತ್ತಿತ್ತು. ಗಂಡನ ಹೆಸರನ್ನೇ ನಾನು ರೇಷನ್ ಅಂಗಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಾಯಿಬಿಟ್ಟು ಹೇಳಿದವಳಲ್ಲ. ಇನ್ನು ಬೆಂಗಳೂರಿನ ಕಂಪನಿಯ ಸಾಹೇಬರನ್ನು, ಅದೂ ಕೆಲಸ ಕೊಡಿ ಎಂದು ಕೇಳಲು ಹೋಗಿ, ಹೆಸರು ಹಿಡಿದು ಕರೆಯಬೇಕಂತೆ. “ನಿನ್ನ ತಲಿ,” ಎಂದೆ.

“ನನ್ನ ತಲಿ ಅಲ್ಲ, ಅಲ್ಲಿ ಪದ್ಧತೀನ ಹಂಗೈತಿ. ಎರಡನೇ ಮಾತು ಕೇಳ. ‘ನಾವು ಮಾಡೇವ್ರಿ, ನಾವು ಕಲಿಸೇವ್ರಿ’ ಅನ್ನಾಕ ಹೋಗಬ್ಯಾಡ. ‘ನಾ ಮಾಡೇನಿ’ ಅನ್ನು.”

“ಜಂಬ ಅನ್ನೂದಿಲ್ಲೇನ?”

“ಜಂಬಾನ ಬೇಕಾಗೇತಿ ಅವರಿಗೆ. ಸುಡ್ತದ ನೋಡ, ರೊಟ್ಟಿ ತಿರುವು.”

ಹಂಚಿನ ಮೇಲಿದ್ದದ್ದು ಫೋನಿನಲ್ಲಿ ಅವಳಿಗೆ ಕಾಣುತ್ತಿರಲಿಲ್ಲ. ಆದರೆ ನಾನು ಯೋಚನೆಗೆ ಬಿದ್ದರೆ ರೊಟ್ಟಿ ಸುಡುತ್ತದೆ ಎಂಬುದು ಅವಳಿಗೆ ಬಿ.ಎಡ್. ಓದುವಾಗಿನಿಂದ ಗೊತ್ತು. ಇಬ್ಬರೂ ಒಂದೇ ಖೋಲಿಯಲ್ಲಿದ್ದವರು. ಆಮೇಲೆ ಅವಳು ಮದುವೆಯಾಗಿ ಬಸವನ ಬಾಗೇವಾಡಿಗೆ ಹೋದಳು, ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸಿದಳು. ಈಗೆರಡು ವರ್ಷದಿಂದ ಮಕ್ಕಳಿಗೆ ಟ್ಯಾಬಿನಲ್ಲಿ, ಶಾಲೆಯ ಟಿವಿಯಲ್ಲಿ ಪಾಠ ತೋರಿಸುವ ಕಂಪನಿಗೆ ಮನೆಯ ಮಾಳಿಗೆ ಮೇಲೆ ಕುಳಿತೇ ಪಾಠ ಬರೆದು ಕೊಡುತ್ತಿದ್ದಳು. ಅವರಿಗೆ ಕನ್ನಡದಲ್ಲಿ ವಿಜ್ಞಾನ ಬರೆಯುವವರು ಒಬ್ಬರು ಬೇಕಾಗಿದ್ದರು. ನನಗೂ ಏನಾದರೊಂದು ಬೇಕಾಗಿತ್ತು.

ತಾಂಬಾದ ಹೈಸ್ಕೂಲಿನಲ್ಲಿ ನಾನು ಎಂಟೊಂಬತ್ತು ವರ್ಷ ಅತಿಥಿ ಶಿಕ್ಷಕಿಯಾಗಿದ್ದೆ. ಅತಿಥಿ ಎಂದರೆ ಮಳೆಗಾಲಕ್ಕೆ ಕರೆಯುತ್ತಾರೆ, ಬೇಸಿಗೆಗೆ ಹೋಗಿ ಬನ್ನಿ ಎನ್ನುತ್ತಾರೆ. ನಡುವೆ ಕಾಯಂ ಟೀಚರ್ ವರ್ಗವಾಗಿ ಬಂದರೆ ಆವತ್ತೇ ಚೀಲ ಹೆಗಲಿಗೆ ಹಾಕಿಕೊಳ್ಳಬೇಕು. ಆ ಸಲ ದಸರೆಯ ರಜೆ ಮುಗಿಸಿ ಹೋದರೆ ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿಯ ಮೇಲೆ ಹೊಸ ಕಾಯಂ ಟೀಚರ್ ಕುಳಿತಿದ್ದರು. ಒಳ್ಳೆಯ ಹೆಣ್ಣುಮಗಳು, ನನ್ನನ್ನು ನೋಡಿ ಎದ್ದು ಜಾಗ ಬಿಡಲು ಬಂದರು. ಹೆಡ್ ಮಾಸ್ತರರು ಕನ್ನಡಕ ಒರೆಸುತ್ತ, ಒರೆಸುತ್ತ, ಕೊನೆಗೂ ನನ್ನ ಮುಖ ನೋಡದೆಯೇ ವಿಷಯ ಹೇಳಿದರು. ಅವರದೇನೂ ತಪ್ಪಿರಲಿಲ್ಲ. ಆದರೂ ನನಗೆ ಅವರ ಮೇಲೆ, ಆ ಕನ್ನಡಕದ ಮೇಲೆ, ಇಡೀ ಶಿಕ್ಷಣ ಇಲಾಖೆಯ ಮೇಲೆ ಸಿಟ್ಟು ಬಂದಿತ್ತು.

ಇಂಡಿಗೆ ಮರಳುವ ಬಸ್ಸಿನಲ್ಲಿ ಕಂಡಕ್ಟರ್ ಎಂದಿನಂತೆ “ಅಕ್ಕೋರ, ಮುಂದ ಬರ್ರಿ, ಸೀಟ್ ಹಿಡದೇನಿ,” ಎಂದ. ನಮ್ಮ ಕಡೆ ಟೀಚರನ್ನು ಕರೆಯುವುದೇ ಅಕ್ಕೋರು ಎಂದು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಪಗಾರದ ಮಾತಲ್ಲ, ಮನೆಯನ್ನು ನಮ್ಮ ಮನೆಯವರ ಮೋಟರ್ ರಿಪೇರಿ ಅಂಗಡಿ ಹೇಗೋ ತೂಗಿಸುತ್ತದೆ. ನಾಳೆಯಿಂದ ನಾನು ಟೀಚರ್ ಅಲ್ಲ ಎಂಬ ಮಾತು ನನ್ನಿಂದ ನುಂಗಲು ಆಗುತ್ತಿರಲಿಲ್ಲ. ಊರಲ್ಲಿದ್ದ ಖಾಸಗಿ ಶಾಲೆಗಳನ್ನೆಲ್ಲ ಸುತ್ತಿ ಬಂದೆ. ಎಲ್ಲರಿಗೂ ಇಂಗ್ಲಿಷಿನಲ್ಲಿ ವಿಜ್ಞಾನ ಹೇಳುವವರೇ ಬೇಕಿತ್ತು. ನಮ್ಮ ಮನೆಯವರು ಒಳ್ಳೆಯ ಮಾತೇ ಆಡುತ್ತೇನೆಂದುಕೊಂಡು, “ಇಷ್ಟ ದಿನ ದುಡದೀದಿ, ಇನ್ನ ಆರಾಮ ಮನ್ಯಾಗ ಇರು,” ಎಂದರು. ಆ ದಿನ ಅವರಿಗೆ ಬರೀ ಅನ್ನ-ಸಾರು ಸಿಕ್ಕಿತು, ರೊಟ್ಟಿ ಸಿಗಲಿಲ್ಲ.

ಗೆಳತಿಯ ಉಪದೇಶ ಅಲ್ಲಿಗೇ ಮುಗಿಯಲಿಲ್ಲ. ಹಳೆಯ ಹೆಡ್ ಮಾಸ್ತರರ ಬಗ್ಗೆ ಕೆಟ್ಟದ್ದು ಆಡಬಾರದು. ಬಾರದ ಇಂಗ್ಲಿಷನ್ನು ಎಳೆದು ತರಬಾರದು. ಏನು ಕಲಿಸಿದೆ ಎನ್ನುವುದಕ್ಕಿಂತ, ಮಕ್ಕಳಿಗೆ ತಿಳಿಯದೆ ಹೋದಾಗ ಏನು ಮಾಡಿದೆ ಎಂದು ಹೇಳಬೇಕು. ಕೊನೆಯಲ್ಲಿ ಅವರು ‘ನಿಮ್ಮದೇನಾದರೂ ಪ್ರಶ್ನೆ ಇದೆಯೇ’ ಎಂದರೆ ‘ಇಲ್ರಿ’ ಎಂದು ಕೈಮುಗಿಯದೆ, ಏನಾದರೂ ಕೇಳಲೇಬೇಕು. ಎಲ್ಲಕ್ಕೂ ಮೊದಲು ಮನೆಯಲ್ಲಿ ಯಾರನ್ನಾದರೂ ಎದುರಿಗೆ ಕೂರಿಸಿಕೊಂಡು ರೂಢಿ ಮಾಡಿಕೊಳ್ಳಬೇಕು.

ಮನೆಯಲ್ಲಿ ಬಿಡುವಾಗಿ ಸಿಗುವವರು ನಮ್ಮ ಅತ್ತೆಯೊಬ್ಬರೇ. ಅವರು ತೊಗರಿ ಬೇಳೆ ಹಸನು ಮಾಡುತ್ತ ಮೊರ ತೊಡೆಯ ಮೇಲಿಟ್ಟುಕೊಂಡೇ ಕಂಪನಿಯ ಸಾಹೇಬರಾದರು. ನಾನು ಬರೆದು ಕೊಟ್ಟ ಪ್ರಶ್ನೆಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ.

“ಹಿಂದಿನ ಮನಿ ಯಾಕ ಬಿಟ್ಟಿ ಯವ್ವಾ?”

“ಮನಿ ಅಲ್ಲತ್ತಿ, ಸಾಲಿ.”

“ಎರಡೂ ಅಷ್ಟ. ಹೊಂದಿಕೊಂಡ ಹೋಗು ಗುಣ ಇತ್ತಿಲ್ಲೋ?”

“ಇತ್ತರಿ.”

“ನನಗ ಗೊತ್ತಿಲ್ಲೇನ,” ಎಂದು ಅತ್ತೆ ಮೊರ ಕೇರಿದರು. ಅಂಗಡಿಯಿಂದ ಊಟಕ್ಕೆ ಬಂದಿದ್ದ ನಮ್ಮ ಮನೆಯವರು ಹೊಸ್ತಿಲಲ್ಲೇ ನಿಂತು ಬಾಯಿಗೆ ಟವೆಲ್ ಒತ್ತಿ ನಗುತ್ತಿದ್ದರು.

ಇಂಟರ್ವ್ಯೂನಲ್ಲಿ ಪಾಠ ಮಾಡಿ ತೋರಿಸುವುದೂ ಇತ್ತು. ಮಡಕೆಯ ನೀರು ಯಾಕೆ ತಣ್ಣಗಿರುತ್ತದೆ ಎಂಬುದನ್ನು ಆರಿಸಿಕೊಂಡಿದ್ದೆ. ಅತ್ತೆಯ ಮುಂದೆ ಶುರು ಮಾಡಿದೆ. “ಮಡಕಿಗೆ ಸಣ್ಣ ಸಣ್ಣ ತೂತ ಇರ್ತಾವು. ಆ ತೂತಿನಿಂದ ಹೊರಗ ಬಂದ ನೀರು ಗಾಳಿಗೆ…” ಎಂದು ನಿಲ್ಲಿಸಿದೆ.

“ಯಾಕ ನಿಲ್ಲಿಸಿದಿ? ಮರತೇನ?”

ಮರೆತಿರಲಿಲ್ಲ, ಅದು ನಮ್ಮ ಕಸುಬು. ನಮ್ಮ ಕಡೆಯ ಶಾಲೆಗಳಲ್ಲಿ ಟೀಚರ್ ಒಂದು ವಾಕ್ಯವನ್ನು ಪೂರ್ತಿ ಹೇಳುವುದೇ ಇಲ್ಲ. ಅರ್ಧ ಹೇಳಿ, ಕೈ ಮುಂದೆ ಚಾಚಿ, ಹುಬ್ಬು ಏರಿಸಿ ನಿಲ್ಲುತ್ತಾಳೆ. ಉಳಿದರ್ಧ ಮಕ್ಕಳದು. ಎಲ್ಲ ಒಟ್ಟಿಗೇ ಕೂಗುತ್ತವೆ. ಹೆಚ್ಚು ಜೋರಾಗಿ ಕೂಗಿದರೆ ಪಾಠ ತಲೆಗೆ ಹತ್ತಿದೆ, ಗೊಣಗಿದರೆ ಇನ್ನೊಮ್ಮೆ ಹೇಳಬೇಕು. ಕೂಗಿನ ನಡುವೆ ಯಾರು ಬರೀ ಬಾಯಿ ಆಡಿಸುತ್ತಿದ್ದಾರೆ ಎಂಬುದೂ ನನಗೆ ಕಂಡುಹಿಡಿಯಲು ಬರುತ್ತದೆ. ಅತ್ತೆಗೆ ಇದನ್ನು ವಿವರಿಸಿದೆ. ಅವರು ಸಾಲಿಯ ಕಟ್ಟೆ ಹತ್ತಿದವರಲ್ಲ. ಮೊರ ಬದಿಗಿಟ್ಟು, “ಹಂಗಾದ್ರ ಇನ್ನೊಮ್ಮೆ ಹೇಳ, ನಾನೂ ಅಂತೇನಿ,” ಎಂದರು. ಆ ವಾರವೆಲ್ಲ ಇಬ್ಬರೂ ಸೇರಿ ಮಡಕೆಯ ನೀರನ್ನು ಆವಿ ಮಾಡಿದ್ದೇ ಮಾಡಿದ್ದು.

ಇಂಟರ್ವ್ಯೂ ವಿಡಿಯೋ ಕಾಲಿನಲ್ಲಿ. ಇಂಡಿಯಲ್ಲಿ ನಮ್ಮ ಓಣಿಗೆ ನೆಟ್‌ವರ್ಕ್ ಮನಸ್ಸು ಬಂದಾಗ ಬರುತ್ತದೆ. ಹಾಗಾಗಿ ಗೆಳತಿಯ ಮಾಳಿಗೆಗೇ ಹೋಗುವುದೆಂದಾಯಿತು. ಬೆಳಿಗ್ಗೆ ಎದ್ದು ಒಳ್ಳೆಯ ಇಳಕಲ್ ಸೀರೆ ಉಟ್ಟು, ಸಿಂದಗಿಯಲ್ಲಿ ಬಸ್ಸು ಬದಲಿಸಿದೆ. ನಿಲ್ದಾಣದಲ್ಲಿ ಚಹಾ ಕುಡಿಯುತ್ತ ‘ನಾ ಮಾಡೇನಿ, ನಾ ಕಲಿಸೇನಿ’ ಎಂದು ತುಟಿ ಅಲುಗಿಸುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿ ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ತನ್ನ ಗಂಟನ್ನು ಗೌರವದಿಂದ ಆಚೆ ಸರಿಸಿದಳು.

ಬಾಗೇವಾಡಿಯಲ್ಲಿ ಗೆಳತಿ ಎಲ್ಲ ಸಜ್ಜು ಮಾಡಿಟ್ಟಿದ್ದಳು. ಲ್ಯಾಪ್‌ಟಾಪಿನ ಕೆಳಗೆ ಎರಡು ಹಿತ್ತಾಳೆ ಡಬ್ಬಿ, ನನ್ನ ಬೆನ್ನಿನ ಹಿಂದೆ ಬಿಳಿ ಧೋತರದ ಪರದೆ. ತಾನು ಬಾಗಿಲ ಹಿಂದೆ ನಿಂತಳು. ತೆರೆಯ ಮೇಲೆ ಮೊದಲು ಒಬ್ಬ ಹುಡುಗಿ ಬಂದಳು, ಆಮೇಲೆ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡ ಯುವಕ. ಇಬ್ಬರೂ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು. ಧೈರ್ಯ ಬಂತು. ಅಷ್ಟರಲ್ಲಿ ಮೂರನೆಯ ಚೌಕ ಮೂಡಿತು. ಅದರಲ್ಲಿ ಮುಖವಿರಲಿಲ್ಲ, ಬರೀ ಕಪ್ಪು. ಹುಡುಗಿ, “ಇವರು ನಮ್ಮ ಕಂಪನಿಯ ಮುಖ್ಯಸ್ಥರು,” ಎಂದಳು.

ನಾನು ತಟ್ಟನೆ ಎದ್ದು ನಿಂತೆ. ಇಷ್ಟು ವರ್ಷ ಸಾಹೇಬರು ತರಗತಿಗೆ ಕಾಲಿಟ್ಟರೆ ಎದ್ದು ನಿಂತ ಕಾಲುಗಳು, ನನ್ನನ್ನು ಕೇಳಿ ಎದ್ದವೇ? ಕ್ಯಾಮೆರಾದಲ್ಲಿ ನನ್ನ ಮುಖ ಮಾಯವಾಗಿ ಸೀರೆಯ ನಿರಿಗೆಗಳಷ್ಟೇ ಕಾಣುತ್ತಿದ್ದವು. ಬಾಗಿಲ ಸಂದಿಯಿಂದ ಗೆಳತಿ, “ಕುಂದರ, ಕುಂದರಲೇ,” ಎಂದು ಹಲ್ಲು ಕಡಿಯುತ್ತಿದ್ದಳು. ನಾನು ನಿಂತೇ “ನಮಸ್ಕಾರ್ರಿ ಸರ್,” ಎಂದು ಮೊದಲ ಉಪದೇಶಕ್ಕೂ ಕೊಳ್ಳಿ ಇಟ್ಟು, ಆಮೇಲೆ ಕುಳಿತೆ.

ಪಾಠ ಶುರುವಾಯಿತು. ಮಡಕೆ, ಸಣ್ಣ ತೂತು, ಗಾಳಿ. “ಆ ತೂತಿನಿಂದ ಹೊರಗೆ ಬಂದ ನೀರು ಗಾಳಿಗೆ…” ಎಂದು ಕೈ ಚಾಚಿ, ಹುಬ್ಬು ಏರಿಸಿ ನಿಲ್ಲಿಸಿದೆ. ಯಾರೂ ಮಾತಾಡಲಿಲ್ಲ. ಮೂವರೂ ಮೈಕ್ ಮುಚ್ಚಿಕೊಂಡು ಕುಳಿತಿದ್ದರು. ನಾನು ಕಾದೆ. ನೆಟ್‌ವರ್ಕ್ ಹೋಯಿತೆಂದು ಗೆಳತಿ ಬಾಗಿಲ ಹಿಂದೆ ಒದ್ದಾಡುತ್ತಿದ್ದಳು. ನೆಟ್‌ವರ್ಕಿಗೆ ಏನೂ ಆಗಿರಲಿಲ್ಲ, ಏರುತ್ತಿದ್ದದ್ದು ನನ್ನ ಪಿತ್ತ. ಪಾಠದ ನಡುವೆ ಸುಮ್ಮನೆ ಕೂರುವವರನ್ನು ಕಂಡರೆ ನನಗೆ ತಡೆಯುವುದಿಲ್ಲ. ಇಂಟರ್ವ್ಯೂ ಎಂಬುದು ತಲೆಯಿಂದ ಹಾರಿಹೋಗಿ, ತಾಂಬಾದ ಒಂಬತ್ತನೇ ಕ್ಲಾಸು ಬಂದು ಕೂತುಬಿಟ್ಟಿತು.

“ಯಾಕ, ಎಲ್ಲಾರೂ ಬಾಯಿಗೆ ಬೀಗ ಹಾಕ್ಕೊಂಡ ಕುಂತೀರೇನು? ಹಿಂದ ಕತ್ತಲಾಗ ಕುಂತವ್ರ, ನೀವು ಹೇಳ್ರಿ. ಮಕಾ ಮುಚ್ಚಕೊಂಡ್ರ ಬಿಡ್ತೇನಂತ ತಿಳದೀರೇನು?”

ಬಾಗಿಲ ಹಿಂದೆ ಏನೋ ಬಿದ್ದ ಸದ್ದಾಯಿತು. ಗೆಳತಿ ಕುಸಿದು ಕುಳಿತಿದ್ದಳು. ನನಗೂ ಆಗಲೇ ಎಚ್ಚರವಾದದ್ದು. ಮುಗಿಯಿತು ಕಥೆ ಎಂದುಕೊಂಡೆ.

ಕಪ್ಪು ಚೌಕದಿಂದ ಒಂದು ಗಂಡುದನಿ, ಮೆಲ್ಲಗೆ, “ಆವಿ ಆಗುತ್ತೆ ಟೀಚರ್,” ಎಂದಿತು. ಮರುಗಳಿಗೆಯಲ್ಲಿ ಅಲ್ಲೊಂದು ಮುಖ ಮೂಡಿತು. ಬೆಳ್ಳಗಿನ ಗಡ್ಡದ ಮನುಷ್ಯ, ಬೈಸಿಕೊಂಡ ಹುಡುಗನ ಹಾಗೆ ನೆಟ್ಟಗೆ ಕುಳಿತಿದ್ದರು. ಅಲ್ಲಿಂದ ಮುಂದೆ ನಾನು ಎಲ್ಲೆಲ್ಲಿ ನಿಲ್ಲಿಸಿದೆನೋ ಅಲ್ಲೆಲ್ಲ ಮೂವರೂ ಒಟ್ಟಿಗೆ ಹೇಳಿದರು. ಹೆಡ್‌ಫೋನಿನ ಯುವಕ ಒಂದು ಕಡೆ ತಪ್ಪು ಹೇಳಿದ, ಅವನಿಂದ ಇನ್ನೊಮ್ಮೆ ಹೇಳಿಸಿದೆ. ಅವರ ನಡುವೆ ಹೀಗೆ ನಗು ಹಬ್ಬಿದ್ದು ನೋಡಿ ನನಗೆ ತಿಂಗಳಾದ ಮೇಲೆ ಮೊದಲ ಸಲ ಎದೆ ಹಗುರಾಯಿತು.

ಆದರೆ ನಗು ನಿಂತ ಮೇಲೆ ಮುಖ್ಯಸ್ಥರು ನಿಜವಾದ ಪ್ರಶ್ನೆ ಕೇಳಿದರು. “ಟೀಚರ್, ನಮ್ಮಲ್ಲಿ ಮಕ್ಕಳು ನಿಮ್ಮೆದುರಿಗೆ ಇರುವುದಿಲ್ಲ. ಟಿವಿಯಲ್ಲಿ ದನಿ ಬರುತ್ತದೆ, ಅಷ್ಟೇ. ಅವರು ಉತ್ತರ ಕೊಟ್ಟರೂ ಅದಕ್ಕೆ ಕೇಳಿಸುವುದಿಲ್ಲ. ಈ ಅರ್ಧ ಬಿಟ್ಟ ವಾಕ್ಯಗಳನ್ನು ಏನು ಮಾಡುತ್ತೀರಿ?”

ಪೂರ್ತಿ ಮಾಡಿ ಬರೀತೇನ್ರಿ ಎಂದರೆ ಕೆಲಸ ಸಿಗುತ್ತಿತ್ತು ಎಂದು ನನಗೆ ಆಗಲೇ ಗೊತ್ತಿತ್ತು. ಬಾಗಿಲ ಸಂದಿಯಲ್ಲಿ ಗೆಳತಿ ಹಾಗೆಯೇ ಹೇಳು ಎಂದು ಕತ್ತು ಕುಣಿಸುತ್ತಿದ್ದಳು. ಆದರೆ ಪೂರ್ತಿ ಹೇಳಿ ಮುಗಿಸುವುದೆಂದರೆ ಅದು ರೇಡಿಯೋ. ಅಂಥ ಕೆಲಸ ಸಿಕ್ಕರೂ ನಾನು ಟೀಚರ್ ಆಗಿ ಉಳಿಯುವುದಿಲ್ಲ.

“ಖಾಲಿ ಬಿಡ್ತೇನ್ರಿ,” ಎಂದೆ.

“ಮಕ್ಕಳು ಸುಮ್ಮನೆ ಕೂತರೆ?”

“ಹೇಳ್ತಾವ್ರಿ. ಕೇಳೋರು ಇಲ್ಲಂದ್ರೂ ಹೇಳ್ತಾವು. ನಾ ಕಲಿಸೇನ್ರಿ, ನನಗ ಗೊತ್ತೈತಿ.”

ಎರಡನೆಯ ಉಪದೇಶವಾದರೂ ಉಪಯೋಗಕ್ಕೆ ಬಂತು. ಅವರು ಸ್ವಲ್ಪ ಹೊತ್ತು ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತಾಡಿದರು. ಇದೇ ಪಾಠವನ್ನು ನನ್ನ ದನಿಯಲ್ಲಿ, ಖಾಲಿ ಜಾಗಗಳ ಸಮೇತ ರೆಕಾರ್ಡ್ ಮಾಡಿ ಕಳಿಸಬೇಕು, ನನ್ನನ್ನು ನೋಡಿಯೇ ಇರದ ಮಕ್ಕಳ ಮುಂದೆ ಅದನ್ನು ಹಾಕಿ ನೋಡುತ್ತೇವೆ, ಆಮೇಲೆ ತೀರ್ಮಾನ ಎಂದರು. ಕೊನೆಗೆ ‘ನಿಮ್ಮದೇನಾದರೂ ಪ್ರಶ್ನೆ?’ ಎಂದಾಗ ನಾನು, “ಊಟ ಆತೇನ್ರಿ?” ಎಂದೆ. ಬೇರೇನೂ ಹೊಳೆಯಲಿಲ್ಲ.

ಆಮೇಲೆ ಗೆಳತಿ ನನ್ನನ್ನು ಬೈದ ಬೈಗುಳವನ್ನೆಲ್ಲ ಇಲ್ಲಿ ಬರೆಯಲಾರೆ. ಬೈದು ಬೈದು ಸುಸ್ತಾಗಿ, ಇಬ್ಬರೂ ಶೇಂಗಾ ಹೋಳಿಗೆ ತಿಂದು, ‘ಕತ್ತಲಾಗ ಕುಂತವ್ರ’ ಎಂಬ ಮಾತನ್ನು ನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ರೆಕಾರ್ಡಿಂಗ್ ಇಂಡಿಯಲ್ಲೇ ಮಾಡಿದೆ. ಸದ್ದು ಬರಬಾರದೆಂದು ಕಿಟಕಿಗೆ ಎರಡು ಕೌದಿ ತೂಗುಹಾಕಿದೆ. ನಮ್ಮ ಮನೆಯವರು ಪಾಪ, ಮನೆಯ ಪಕ್ಕದಲ್ಲೇ ಇದ್ದ ತಮ್ಮ ಅಂಗಡಿಯಲ್ಲಿ ಸುತ್ತಿಗೆ ಕೆಳಗಿಟ್ಟು ಬೀಡಾ ಅಂಗಡಿಗೆ ಹೋಗಿ ಕುಳಿತರು. ಎಲ್ಲ ಚೆನ್ನಾಗಿ ನಡೆಯಿತು. “ಹೊರಗೆ ಬಂದ ನೀರು ಗಾಳಿಗೆ…” ಎಂದು ನಿಲ್ಲಿಸಿದೆ. ಅಡುಗೆಮನೆಯಿಂದ ಅತ್ತೆಯ ದನಿ, “ಆವಿ ಆಗ್ತೈತಿ,” ಎಂದು ಬಂತು.

“ಅತ್ತಿ, ಸುಮ್ನಿರ್ರಿ.”

“ನಾ ಏನ ಮಾಡಲಿ, ಬಾಯಿಗೆ ತಾನ ಬಂತು.”

ಇನ್ನೊಮ್ಮೆ ಮಾಡಿದೆ. ಇನ್ನೊಮ್ಮೆಯೂ ಬಂತು. ಕೊನೆಗೆ ಅತ್ತೆ ತಾವೇ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿನ ನಿಂಬೆ ಗಿಡದ ಬುಡದಲ್ಲಿ ಹೋಗಿ ಕುಳಿತ ಮೇಲೆ ಪಾಠ ಮುಗಿಯಿತು. ಕೇಳೋರು ಇಲ್ಲಂದ್ರೂ ಹೇಳ್ತಾವು ಎಂದು ನಾನು ಧೈರ್ಯವಾಗಿ ಆಡಿದ ಮಾತು ನಿಜವಿರಬಹುದು ಎಂದು ನನಗೇ ಅನಿಸಿದ್ದು ಆಗ.

ಪರೀಕ್ಷೆಗೆ ಕಂಪನಿಯವರು ಆರಿಸಿದ್ದು ಮುದ್ದೇಬಿಹಾಳದ ಒಂದು ಶಾಲೆಯನ್ನು. ಅಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ಮನಸ್ಸು ತಡೆಯದೆ ನಾನೂ ಹೋದೆ. ಇಂಟರ್ವ್ಯೂನಲ್ಲಿದ್ದ ಹುಡುಗಿ ಬೆಂಗಳೂರಿನಿಂದ ಬಂದಿದ್ದಳು. ನೋಡಲು ತೆರೆಯಲ್ಲಿ ಕಂಡದ್ದಕ್ಕಿಂತ ಕುಳ್ಳಗಿದ್ದಳು, ನನಗೆ ಕಂಡ ಕೂಡಲೇ ಪ್ರೀತಿ ಬಂತು. ಆದರೆ ಅವಳ ಷರತ್ತು ಗಟ್ಟಿಯಾಗಿತ್ತು.

“ಟೀಚರ್, ನೀವು ಒಳಗೆ ಬರಬಾರದು. ನಿಮ್ಮ ಮುಖ ನೋಡಿದರೆ ಮಕ್ಕಳು ನಿಮಗೋಸ್ಕರ ಉತ್ತರ ಹೇಳಿಬಿಡುತ್ತಾರೆ.”

ಹಾಗಾಗಿ ನಾನು ಶಾಲೆಯ ಹಿಂಭಾಗಕ್ಕೆ ಹೋಗಿ ಕೊನೆಯ ಬೆಂಚಿನ ಪಕ್ಕದ ಕಿಟಕಿಯ ಕೆಳಗೆ ನಿಂತೆ. ಚಳಿಗಾಲದ ಬಿಸಿಲು ಹಿತವಾಗಿತ್ತು. ಒಳಗೆ ಟಿವಿ ಹಚ್ಚಿದರು. ನನ್ನದೇ ದನಿ ಕೇಳಿಸಿತು, ಮಡಕೆ, ಸಣ್ಣ ತೂತು, ಗಾಳಿ. ನಿಂತಿತು.

ಯಾರೂ ಉಸಿರೆತ್ತಲಿಲ್ಲ.

ಕಿಟಕಿಯ ಮೂಲೆಯಿಂದ ಇಣುಕಿದೆ. ಮಕ್ಕಳೆಲ್ಲ ಟಿವಿಯನ್ನಲ್ಲ, ಮೂಲೆಯ ಕುರ್ಚಿಯಲ್ಲಿ ಕೈ ಕಟ್ಟಿ ಕುಳಿತ ತಮ್ಮ ಸರ್ ಮುಖವನ್ನು ನೋಡುತ್ತಿದ್ದವು. ಬೆಂಗಳೂರಿನವರ ಮುಂದೆ ಗದ್ದಲ ಮಾಡಬಾರದೆಂದು ಸರ್ ಮೊದಲೇ ತಾಕೀತು ಮಾಡಿದ್ದರೆಂದು ಕಾಣುತ್ತದೆ. ನಾನೂ ಟೀಚರ್, ಸಾಹೇಬರು ಬರುವ ದಿನ ನಾವೆಲ್ಲ ಮಾಡುವುದು ಅದನ್ನೇ. ಪಾಠ ಮುಂದೆ ಹೋಯಿತು. ಎರಡನೆಯ ಖಾಲಿ ಜಾಗ ಬಂತು. ಅದೂ ಖಾಲಿಯೇ. ನನ್ನ ದನಿ ಮುಂದಿನದಕ್ಕೆ ಹೊರಟುಹೋಯಿತು. ಕಿಟಕಿಯ ಸರಳು ಹಿಡಿದುಕೊಂಡು ನಿಂತೆ, ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಎಲ್ಲರ ಮುಂದೆ ಬಡಾಯಿ ಕೊಚ್ಚಿಕೊಂಡೆನಲ್ಲ, ಮಕ್ಕಳೇ ಬೇಡವೆಂದ ಮೇಲೆ ಇನ್ನಾರಿಗೆ ಹೇಳಲಿ?

ಮೂರನೆಯದು ಬಂತು. “ನೀರು ಆವಿಯಾಗಿ ಹೋಗುವಾಗ ಮಡಕೆಯ ಬಿಸಿಯನ್ನೂ ತನ್ನ ಜೊತೆಗೆ…”

ಕಿಟಕಿಯ ಪಕ್ಕದಲ್ಲೇ, ಕೊನೆಯ ಬೆಂಚಿನಿಂದ, ಒಂದು ಹೆಣ್ಣುಮಗುವಿನ ದನಿ, ನೊಣ ಗುಂಯ್ ಎನ್ನುವಷ್ಟು ಸಣ್ಣಗೆ, “ಒಯ್ತದ,” ಎಂದಿತು. ಮುಂದಿನ ಬೆಂಚಿಗೂ ಅದು ಮುಟ್ಟಿರಲಾರದು. ಆದರೆ ಪಕ್ಕದವಳು ತಿರುಗಿ ಅವಳನ್ನು ನೋಡಿದಳು. ನಾಲ್ಕನೆಯದಕ್ಕೆ ಆ ಇಬ್ಬರೂ ಹೇಳಿದರು. ಐದನೆಯದಕ್ಕೆ ಇಡೀ ಹಿಂದಿನ ಸಾಲು ಹೇಳಿತು. ಸರ್ ಕುರ್ಚಿಯಲ್ಲಿ ಅಲುಗಾಡಿದರು, ಗದರಲು ಏಳುತ್ತಾರೇನೋ ಎಂದುಕೊಂಡೆ. ಅವರು ಎದ್ದರು, ಎದ್ದು ಮಕ್ಕಳ ಕಡೆ ತಿರುಗಿ, ಕೈ ಮುಂದೆ ಚಾಚಿ, ಹುಬ್ಬು ಏರಿಸಿ ನಿಂತರು. ಆಮೇಲೆ ತಗಡಿನ ಚಾವಣಿ ಹಾರಿಹೋಗುವಷ್ಟು ಗದ್ದಲ. ಮುಂದಿನ ಖಾಲಿ ಜಾಗಗಳಿಗೆ ನನ್ನ ದನಿ ನಿಲ್ಲುವ ಮೊದಲೇ ಮಕ್ಕಳು ನುಗ್ಗುತ್ತಿದ್ದವು. ಪಾಠ ಮುಗಿದ ಮೇಲೆ ಇನ್ನೊಮ್ಮೆ ಹಾಕ್ರಿ ಎಂದು ಹಟ ಹಿಡಿದವು. ನಾನು ಕಿಟಕಿಯ ಹೊರಗೆ ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಕಂಪನಿಯ ಹುಡುಗಿ ಹೊರಗೆ ಓಡಿ ಬಂದಳು, ಫೋನು ಇನ್ನೂ ಕಿವಿಯಲ್ಲೇ ಇತ್ತು. “ಟೀಚರ್, ಖಾಲಿ ಜಾಗ ಹಾಗೇ ಇರಲಿ ಅಂದರು ಮುಖ್ಯಸ್ಥರು. ಸೋಮವಾರದಿಂದ ಕೆಲಸ ಶುರು ಮಾಡಿ,” ಎಂದಳು. ನಾನು ಅವಳ ಎರಡೂ ಗಲ್ಲ ಸವರಿ ನೆಟಿಗೆ ಮುರಿದೆ. ಅವಳು ಇಂಥದ್ದನ್ನು ಎಂದೂ ಕಂಡಿರಲಿಲ್ಲವೋ ಏನೋ, ಗಾಬರಿಯಾಗಿ ನಕ್ಕಳು.

ಅಷ್ಟರಲ್ಲಿ ನೀರು ಕುಡಿಯಲು ಬಿಟ್ಟಿದ್ದರು. ನಲ್ಲಿಯ ಹತ್ತಿರ ಮಕ್ಕಳ ನೂಕುನುಗ್ಗಲು. “ಸಾಲಾಗಿ ನಿಲ್ರಿ, ಒಬ್ಬರಾದ ಮ್ಯಾಲ ಒಬ್ರು,” ಎಂದು ರೂಢಿಯಂತೆ ಗದರಿದೆ. ಎರಡು ಜಡೆಯ ಒಬ್ಬ ಹುಡುಗಿ ಬೊಗಸೆಯಲ್ಲಿ ಹಿಡಿದ ನೀರನ್ನು ಚೆಲ್ಲಿ ನನ್ನತ್ತ ತಿರುಗಿದಳು. ದನಿಯಿಂದ ಗುರುತು ಹಿಡಿದಿದ್ದಳು. ಹತ್ತಿರ ಬಂದು, ಸುತ್ತ ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ನೋಡಿಕೊಂಡು ಮಾತಾಡಿದಳು.

“ಟೀಚರ್, ‘ಒಯ್ತದ’ ಅಂತ ಎಲ್ಲಾರಗಿಂತ ಮದಲ ನಾ ಹೇಳಿದ್ದೆ. ಸಣ್ಣಗ ಹೇಳಿದ್ದೆ. ನಿಮಗ ಕೇಳಿಸ್ತೇನ್ರಿ?”

“ಕೇಳಿಸ್ತವ್ವಾ,” ಎಂದೆ.